ಪ್ರಕ್ಷೇಪ ಕ್ರಿಯೆಯೂ ಹೊಳೆಯಂಚಿನ ಬಾವಿಯೂ

ಉಪ್ಪು ತಿಂದವನು ನೀರು ಕುಡಿಯಲೇ ಬೇಕು ಎಂಬುದು ಎಲ್ಲರೂ ಬಲ್ಲ ಗಾದೆ. ಆದರೆ ಕುಡಿಯುವ ನೀರೇ ಉಪ್ಪಾಗಿಬಿಟ್ಟರೆ ಏನನ್ನು ಕುಡಿಯಬೇಕೆಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಕಳೆದ ಬೇಸಿಗೆಯಲ್ಲಿ ಈ ಪ್ರಶ್ನೆ ನಮ್ಮ ಮನೆಯ ಜಗಲಿಗೇ ಬಂದು ಕುಳಿತಿತು. ಅದಕ್ಕೆ ಉತ್ತರ ಹುಡುಕಹೋಗಿ, ಹತ್ತನೆಯ ತರಗತಿಯಲ್ಲಿ ಓದಿ ಮರೆತಿದ್ದ ಪಾಠವೊಂದನ್ನು ನಾನು ಮತ್ತೊಮ್ಮೆ, ಈ ಸಲ ಕೊಂಚ ಬುದ್ಧಿಯಿಟ್ಟು, ಓದಬೇಕಾಯಿತು. ನಮ್ಮದು ಕಲಾ ಕಾಲೇಜು; ಇಲ್ಲಿನ ವಾರ್ಷಿಕ ಸಂಚಿಕೆಯಲ್ಲಿ ರಸಾಯನ ಶಾಸ್ತ್ರಕ್ಕೇನು ಕೆಲಸವೆಂದು ಮಿತ್ರರು ಕೇಳಬಹುದು. ಇತಿಹಾಸ ಓದುವವರೂ ಅರ್ಥಶಾಸ್ತ್ರ ಓದುವವರೂ ನೀರನ್ನೇ ಕುಡಿಯುವುದರಿಂದ ಈ ಲೇಖನಕ್ಕೆ ಒಂದಿಷ್ಟು ಜಾಗ ಸಿಗಬಹುದೆಂದು ನಂಬಿದ್ದೇನೆ.

ನಮ್ಮ ಮನೆ ಬಜಪೆಯ ಗುಡ್ಡದ ಮೇಲಿದೆ. ಚಿಕ್ಕಮ್ಮನ ಮನೆ ಕೆಳಗೆ, ಮರವೂರಿನ ಆಚೆ, ಗುರುಪುರ ಹೊಳೆಯ, ಅಂದರೆ ಫಲ್ಗುಣಿಯ, ದಂಡೆಯ ಗದ್ದೆಬಯಲಿನಲ್ಲಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವರು ಒಂದು ಬಾಟಲಿ ನೀರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಮಗಾ, ಗಂಜಿಗೆ ಉಪ್ಪು ಹಾಕುವ ಕೆಲಸವೇ ತಪ್ಪಿತು ನೋಡು. ಇಷ್ಟೆಲ್ಲ ಓದುತ್ತೀರಲ್ಲ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಮದ್ದಿಲ್ಲವೇ?" ಎಂದು ಕೇಳಿದರು. ಹತ್ತನೆಯ ತರಗತಿಗೆ ಕಾಲಿಡಲಿದ್ದ ನನ್ನ ತಂಗಿ ಆಗ ರಜೆಯಲ್ಲೇ ಹೊಸ ಪುಸ್ತಕವನ್ನು ತಿರುವಿ ಹಾಕುತ್ತಿದ್ದಳು. "ಅಣ್ಣಾ, ಇದರಲ್ಲಿ ಪ್ರಕ್ಷೇಪವೆಂದು ಒಂದು ಪಾಠವಿದೆ. ನೀರಿನಲ್ಲಿ ಕರಗಿದ್ದು ಗಟ್ಟಿಯಾಗಿ ಕೆಳಗೆ ಇಳಿಯುತ್ತದಂತೆ. ಉಪ್ಪನ್ನೂ ಹಾಗೆಯೇ ಇಳಿಸಲಾಗದೇ?" ಎಂದಳು. ಆ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು.

ಪಾಠದಲ್ಲಿ ಇರುವುದು

ಪಾಠ ಎಲ್ಲರಿಗೂ ನೆನಪಿರಬಹುದು. ಒಂದು ಪ್ರನಾಳದಲ್ಲಿ ಸೋಡಿಯಂ ಸಲ್ಫೇಟಿನ ದ್ರಾವಣ, ಇನ್ನೊಂದರಲ್ಲಿ ಬೇರಿಯಂ ಕ್ಲೋರೈಡಿನ ದ್ರಾವಣ. ಎರಡೂ ಶುದ್ಧ ನೀರಿನಂತೆ ತಿಳಿಯಾಗಿರುತ್ತವೆ. ಒಂದನ್ನು ಮತ್ತೊಂದಕ್ಕೆ ಸುರಿದೊಡನೆ ಹಾಲಿನಂತಹ ಬಿಳುಪು ಕಾಣಿಸಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಳಕ್ಕೆ ಇಳಿಯುತ್ತದೆ. ಹೀಗೆ ಇಳಿಯುವ ಘನವಸ್ತುವಿಗೆ ಪ್ರಕ್ಷೇಪವೆಂದು ಹೆಸರು. ಶುದ್ಧ ಕನ್ನಡದಲ್ಲಿ ಗಸಿ ಎನ್ನಬಹುದಿತ್ತು. ಆದರೆ ನಮ್ಮ ಕಡೆ ಆ ಶಬ್ದ ಕೇಳಿದೊಡನೆ ಊಟದ ನೆನಪಾಗುವುದರಿಂದ ಪ್ರಕ್ಷೇಪವೆಂಬುದೇ ಕ್ಷೇಮ. ಕ್ರಿಯೆಯನ್ನು ಹೀಗೆ ಬರೆಯುತ್ತಾರೆ:

ಬೇರಿಯಂ ಕ್ಲೋರೈಡ್ + ಸೋಡಿಯಂ ಸಲ್ಫೇಟ್ → ಬೇರಿಯಂ ಸಲ್ಫೇಟ್ (ಪ್ರಕ್ಷೇಪ) + ಸೋಡಿಯಂ ಕ್ಲೋರೈಡ್

ಬೇರಿಯಮ್ಮಿನ ಜೊತೆಗಿದ್ದ ಕ್ಲೋರೈಡ್ ಸೋಡಿಯಮ್ಮಿಗೆ ಹೋಯಿತು. ಸೋಡಿಯಮ್ಮಿನ ಜೊತೆಗಿದ್ದ ಸಲ್ಫೇಟ್ ಬೇರಿಯಮ್ಮಿಗೆ ಬಂತು. ಎರಡು ಕಡೆಯೂ ಸ್ಥಾನ ಬದಲಾದುದರಿಂದ ಇದು ದ್ವಿಸ್ಥಾನಪಲ್ಲಟ ಕ್ರಿಯೆ. ಹಿಂದಿನವರಲ್ಲಿ ಕೊಟ್ಟು ತರುವ ಸಂಬಂಧವೆಂದು ಒಂದಿತ್ತಲ್ಲವೇ? ಈ ಮನೆಯ ಹುಡುಗಿ ಆ ಮನೆಗೆ, ಆ ಮನೆಯ ಹುಡುಗಿ ಈ ಮನೆಗೆ. ಮಕ್ಕಳಿಗೆ ಸಾಮಾನ್ಯವಾಗಿ ಇದೇ ಉಪಮೆಯನ್ನು ಕೊಟ್ಟು ಪಾಠವನ್ನು ಮುಗಿಸಿಬಿಡುತ್ತಾರೆ.

ಉಪಮೆ ಚೆನ್ನಾಗಿದೆ, ಆದರೆ ನೀರಿನೊಳಗೆ ನಡೆಯುವುದು ಹಾಗಲ್ಲ. ಲವಣವೊಂದು ನೀರಿನಲ್ಲಿ ಕರಗಿತೆಂದರೆ ಅದರ ಜೋಡಿ ಆಗಲೇ ಬಿಟ್ಟುಹೋಗಿರುತ್ತದೆ. ಅಡಿಗೆಯ ಉಪ್ಪನ್ನು ನೀರಿಗೆ ಹಾಕಿದರೆ ಅಲ್ಲಿ ಸೋಡಿಯಂ ಕ್ಲೋರೈಡೆಂಬ ಜೋಡಿ ಇರುವುದಿಲ್ಲ; ಧನ ವಿದ್ಯುದಂಶವುಳ್ಳ ಸೋಡಿಯಂ ಅಯಾನುಗಳೂ ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಅಯಾನುಗಳೂ ಒಂದರ ಹಂಗು ಒಂದಕ್ಕಿಲ್ಲದೆ ತಿರುಗಾಡುತ್ತಿರುತ್ತವೆ. ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ತನ್ನ ಪ್ರೌಢಪ್ರಬಂಧದಲ್ಲಿ ಈ ವಿಚಾರಕ್ಕೆ ಬುನಾದಿ ಹಾಕಿದಾಗ ಪರೀಕ್ಷಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಅದೇ ವಿಚಾರಕ್ಕಾಗಿ 1903ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಿತ್ರರು ಇದರಿಂದ ಧೈರ್ಯ ತಂದುಕೊಳ್ಳಬಹುದು.

ಆದುದರಿಂದ ಕೊಟ್ಟು ತರುವ ಸಂಬಂಧಕ್ಕಿಂತ ಪೊಳಲಿಯ ಜಾತ್ರೆಯ ಉಪಮೆ ಹೆಚ್ಚು ಒಪ್ಪುತ್ತದೆ. ಜಾತ್ರೆಯ ಗದ್ದೆಯಲ್ಲಿ ಎಲ್ಲರೂ ಬಿಡಿಬಿಡಿಯಾಗಿಯೇ ತಿರುಗುತ್ತಿರುತ್ತಾರೆ. ಅವರಲ್ಲಿ ಹಳೆಯ ಗೆಳೆಯರಿಬ್ಬರು ಎದುರಾದರೆ ಕೈ ಹಿಡಿದುಕೊಂಡು ಒಂದು ಕಡೆ ಕುಳಿತುಬಿಡುತ್ತಾರೆ. ಉಳಿದವರು ತಿರುಗುತ್ತಲೇ ಇರುತ್ತಾರೆ. ಬೇರಿಯಮ್ಮೂ ಸಲ್ಫೇಟೂ ಅಂತಹ ಗೆಳೆಯರು. ಸೋಡಿಯಮ್ಮೂ ಕ್ಲೋರೈಡೂ ಮೊದಲೂ ಬಿಡಿಯಾಗಿದ್ದವು, ಕೊನೆಗೂ ಬಿಡಿಯಾಗಿಯೇ ಇವೆ. ಆ ಕ್ರಿಯೆಯಲ್ಲಿ ಅವು ಕೇವಲ ಪ್ರೇಕ್ಷಕರು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇದರಲ್ಲೇ ಅಡಗಿದೆ.

ಯಾರು ಕುಳಿತುಕೊಳ್ಳುತ್ತಾರೆ, ಯಾರು ಕುಳಿತುಕೊಳ್ಳುವುದಿಲ್ಲ ಎಂಬುದನ್ನು ವಿಲೇಯತೆ ನಿರ್ಣಯಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 360 ಗ್ರಾಂ ಅಡಿಗೆಯ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಅದೇ ನೀರು ಜಿಪ್ಸಮ್ಮನ್ನು ಸುಮಾರು ಎರಡೂವರೆ ಗ್ರಾಂ ಮಾತ್ರ, ಚಿಪ್ಪಿನ ಮೂಲವಸ್ತುವಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಮಾರು 14 ಮಿಲಿಗ್ರಾಂ ಮಾತ್ರ, ಬೇರಿಯಂ ಸಲ್ಫೇಟನ್ನೂ ಸಿಲ್ವರ್ ಕ್ಲೋರೈಡನ್ನೂ ಸುಮಾರು ಎರಡೆರಡು ಮಿಲಿಗ್ರಾಂ ಮಾತ್ರ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕರಗುವ ಬೇರಿಯಂ ಲವಣಗಳು ವಿಷ. ಆದರೂ ಹೊಟ್ಟೆಯ ಕ್ಷ-ಕಿರಣ ಚಿತ್ರ ತೆಗೆಯುವಾಗ ವೈದ್ಯರು ರೋಗಿಗೆ ಬೇರಿಯಂ ಸಲ್ಫೇಟನ್ನು ಕಲಸಿ ಕುಡಿಸುತ್ತಾರೆ. ಅದು ಕರಗುವುದಿಲ್ಲವಾದ್ದರಿಂದ ರಕ್ತಕ್ಕೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಒಂದೇ ಲೋಹ ಕರಗಿದರೆ ವಿಷ, ಕರಗದಿದ್ದರೆ ಉಪಕಾರಿ.

ಇದಕ್ಕೆ ಪ್ರತಿಯಾಗಿ, ಉಪ್ಪಿನ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟಿನ ದ್ರಾವಣವನ್ನು ಸುರಿದು ನೋಡಿ. ಕಾಗದದ ಮೇಲೆ ದ್ವಿಸ್ಥಾನಪಲ್ಲಟವನ್ನು ಚೆಂದವಾಗಿ ಬರೆಯಬಹುದು. ಪ್ರನಾಳದಲ್ಲಿ ಏನೂ ನಡೆಯುವುದಿಲ್ಲ. ನಾಲ್ಕು ಬಗೆಯ ಅಯಾನುಗಳೂ ಜಾತ್ರೆಯಲ್ಲಿ ತಿರುಗುತ್ತಲೇ ಇರುತ್ತವೆ. ಅಯಾನುಗಳಿಗೆ ದ್ರಾವಣದಿಂದ ಹೊರಗೆ ಹೋಗಲು ಒಂದು ಬಾಗಿಲು ಇದ್ದರೆ ಮಾತ್ರ ಕ್ರಿಯೆ ಪೂರ್ತಿಯಾಗಿ ನಡೆಯುತ್ತದೆ. ಪ್ರಕ್ಷೇಪವಾಗಿ ಕೆಳಗೆ ಇಳಿಯುವುದು ಒಂದು ಬಾಗಿಲು. ಸೋಡಾಕ್ಕೆ ಹುಳಿ ಹಿಂಡಿದಾಗಿನಂತೆ ಅನಿಲವಾಗಿ ಮೇಲೆ ಹೋಗುವುದು ಎರಡನೆಯದು. ಆಮ್ಲವೂ ಕ್ಷಾರವೂ ಕೂಡಿದಾಗಿನಂತೆ ನೀರಾಗಿಬಿಡುವುದು ಮೂರನೆಯದು.

ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದು ಕೂಡ ಎಲ್ಲ ಕಾಲಕ್ಕೂ ಒಂದೇ ಅಲ್ಲ. 1798ರಲ್ಲಿ ನೆಪೋಲಿಯನ್ನನ ದಂಡಿನೊಂದಿಗೆ ಈಜಿಪ್ಟಿಗೆ ಹೋಗಿದ್ದ ಬರ್ತೊಲೆ ಎಂಬ ಫ್ರೆಂಚ್ ರಸಾಯನಜ್ಞನು ಅಲ್ಲಿನ ಸೋಡಾ ಕೆರೆಗಳ ದಂಡೆಯಲ್ಲಿ ಸೋಡಿಯಂ ಕಾರ್ಬೊನೇಟ್ ಕಟ್ಟಿಕೊಂಡುದನ್ನು ಕಂಡನು. ಪ್ರಯೋಗಶಾಲೆಯಲ್ಲಿ ಸೋಡಿಯಂ ಕಾರ್ಬೊನೇಟೂ ಕ್ಯಾಲ್ಸಿಯಂ ಕ್ಲೋರೈಡೂ ಸೇರಿದರೆ ಸುಣ್ಣಕಲ್ಲೂ ಉಪ್ಪೂ ಆಗುತ್ತವೆ. ಆ ಕೆರೆಯಲ್ಲಿ ಉಪ್ಪೂ ಸುಣ್ಣಕಲ್ಲೂ ಹೇರಳವಾಗಿದ್ದುದರಿಂದ ಕ್ರಿಯೆ ಹಿಂದುಮುಂದಾಗಿ ನಡೆದಿತ್ತು. ವಸ್ತುಗಳ ಸ್ವಭಾವದಂತೆಯೇ ಅವುಗಳ ಪ್ರಮಾಣವೂ ಕ್ರಿಯೆಯ ದಿಕ್ಕನ್ನು ಬದಲಿಸಬಲ್ಲದೆಂದು ಅವನು ಅದರಿಂದ ಅರಿತುಕೊಂಡನು.

ನಾನು ಮಾಡಿದ ತಪ್ಪು

ಚಿಕ್ಕಮ್ಮನ ಬಾವಿಯಲ್ಲಿ ಉಪ್ಪಿದೆಯೆಂಬುದನ್ನು ನಾಲಿಗೆಯೇ ಹೇಳಿತ್ತು. ಆದರೂ ಕಣ್ಣಿನಿಂದ ನೋಡಬೇಕೆಂಬ ಆಸೆ. ಕ್ಲೋರೈಡನ್ನು ಪತ್ತೆ ಹಚ್ಚಲು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ, ಬೇಕು. ನನಗೆ ಹಿಂದೆ ವಿಜ್ಞಾನ ಕಲಿಸಿದ ಪ್ರೌಢಶಾಲೆಯ ಮೇಷ್ಟ್ರು ಒಂದು ಸಣ್ಣ ಕಂದುಬಣ್ಣದ ಸೀಸೆಯಲ್ಲಿ ಅದರ ದ್ರಾವಣವನ್ನು ಕೊಟ್ಟು, ಕೈಗೆ ತಾಗಿದರೆ ಚರ್ಮ ಕಪ್ಪಾಗುವುದೆಂದು ಎಚ್ಚರಿಸಿ ಕಳುಹಿಸಿದರು. ನಾನು ಮೂರು ಗಾಜಿನ ಬಾಟಲಿಗಳನ್ನು ತೊಳೆದು ಮೂರು ನೀರುಗಳನ್ನು ತುಂಬಿದೆ: ಗುಡ್ಡದ ಮೇಲಿನ ನಮ್ಮ ಬಾವಿಯದು, ಚಿಕ್ಕಮ್ಮನ ಬಾವಿಯದು, ಪಣಂಬೂರಿನ ಕಡಲಿನದು.

ಕಡಲ ನೀರಿಗೆ ನಾಲ್ಕು ಹನಿ ಹಾಕಿದೊಡನೆ ಮೊಸರಿನಂತಹ ದಪ್ಪ ಬಿಳುಪು. ಚಿಕ್ಕಮ್ಮನ ನೀರಿಗೆ ಹಾಕಿದರೆ ಹಾಲಿನಂತಹ ಬಿಳುಪು. ನಮ್ಮ ಬಾವಿಯ ನೀರಿಗೆ ಹಾಕಿದರೆ ಅಲ್ಲಿಯೂ ಮಬ್ಬು! ತಂಗಿಯ ಮುಖ ಬಾಡಿತು. ಅಮ್ಮ ಕೊಡಪಾನವನ್ನು ಕೆಳಗಿಟ್ಟರು. ಗುಡ್ಡದ ಮೇಲಿನ ಬಾವಿಗೂ ಉಪ್ಪು ಬಂತೆಂಬ ಸುದ್ದಿ ಸಂಜೆಯೊಳಗೆ ನೆರೆಯ ನಾಲ್ಕು ಮನೆಗಳಿಗೆ ಹೋಗಿತ್ತು. ಆ ಸುದ್ದಿಯನ್ನು ಹರಡಿದವರಲ್ಲಿ ನಾನೇ ಮೊದಲಿಗನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮರುದಿನ ಮೇಷ್ಟ್ರ ಮುಂದೆ ವರದಿ ಒಪ್ಪಿಸಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಆಮ್ಲ ಹಾಕಿದ್ದೆಯಾ?" "ಇಲ್ಲ ಸಾರ್." "ಬಾಟಲಿಯನ್ನು ಯಾವುದರಲ್ಲಿ ತೊಳೆದೆ?" "ವಾಷಿಂಗ್ ಸೋಡಾದಲ್ಲಿ ಸಾರ್." ಅವರು ನಕ್ಕು, ಆ ಮಬ್ಬು ನೀರಿಗೆ ದುರ್ಬಲ ನೈಟ್ರಿಕ್ ಆಮ್ಲದ ಎರಡು ಹನಿ ಬಿಟ್ಟರು. ಸಣ್ಣ ಗುಳ್ಳೆಗಳೆದ್ದು ಮಬ್ಬು ಮಾಯವಾಯಿತು. ಚಿಕ್ಕಮ್ಮನ ನೀರಿಗೂ ಬಿಟ್ಟರು. ಬಿಳುಪು ಹಾಗೆಯೇ ಉಳಿಯಿತು.

ನಡೆದುದಿಷ್ಟೆ. ಬೆಳ್ಳಿಯ ಅಯಾನಿಗೆ ಕ್ಲೋರೈಡ್ ಒಬ್ಬನೇ ಗೆಳೆಯನಲ್ಲ. ಕಾರ್ಬೊನೇಟೂ ಅದರೊಡನೆ ಕೂಡಿ ಕೆಳಗೆ ಕುಳಿತುಕೊಳ್ಳುತ್ತದೆ. ನಾನು ಸರಿಯಾಗಿ ಜಾಲಾಡಿಸದ ಬಾಟಲಿಯಲ್ಲಿ ಉಳಿದಿದ್ದ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ನಮ್ಮ ಬಾವಿಯ ಮೇಲೆ ಇಲ್ಲದ ಆರೋಪ ಹೊರಿಸಿತ್ತು. ಸಿಲ್ವರ್ ಕಾರ್ಬೊನೇಟ್ ಆಮ್ಲದಲ್ಲಿ ಕರಗಿ ಅನಿಲವನ್ನು ಬಿಡುತ್ತದೆ. ಸಿಲ್ವರ್ ಕ್ಲೋರೈಡ್ ಕರಗುವುದಿಲ್ಲ. ಆದುದರಿಂದಲೇ ಪರೀಕ್ಷೆಯ ಮೊದಲು ಆಮ್ಲ ಸೇರಿಸಬೇಕೆಂದು ಪುಸ್ತಕದಲ್ಲಿ ಹೇಳಿರುವುದು. "ಹೈಡ್ರೋಕ್ಲೋರಿಕ್ ಆಮ್ಲವನ್ನೇ ಹಾಕಬಹುದಲ್ಲ ಸಾರ್?" ಎಂದು ತಂಗಿ ಕೇಳಿದಳು. "ಕಳ್ಳನನ್ನು ಹುಡುಕಲು ಕಳ್ಳನನ್ನೇ ಮನೆಯೊಳಗೆ ಕರೆದ ಹಾಗಾಗುತ್ತದೆ ಮಗು, ಆ ಆಮ್ಲದಲ್ಲೇ ಕ್ಲೋರೈಡ್ ಇದೆಯಲ್ಲ!" ಎಂದರು ಮೇಷ್ಟ್ರು. ಬಟ್ಟಿ ಇಳಿಸಿದ ನೀರಿನ ಮೇಲೆ ಮೊದಲು ಪರೀಕ್ಷೆ ನಡೆಸಿ, ಅದು ತಿಳಿಯಾಗಿ ಉಳಿದರೆ ಮಾತ್ರ ಮುಂದಿನ ನೀರಿಗೆ ಹೋಗಬೇಕೆಂದೂ ಹೇಳಿಕೊಟ್ಟರು. 'ಬಿಳಿಯ ಪ್ರಕ್ಷೇಪ ದೊರೆಯಿತು' ಎಂದು ನಾವೆಲ್ಲ ಪ್ರಯೋಗ ಪುಸ್ತಕದಲ್ಲಿ ಒಬ್ಬರಿಂದೊಬ್ಬರು ನಕಲು ಮಾಡಿದವರೇ. ಆ ಬಿಳುಪು ಯಾವುದರ ಬಿಳುಪೆಂದು ಕೇಳದೆ ಬರೆದರೆ ಅದರಿಂದ ಒಂದು ಊರಿನ ನಿದ್ದೆಯನ್ನೇ ಕೆಡಿಸಬಹುದೆಂದು ನನಗೆ ಆ ದಿನ ತಿಳಿಯಿತು.

ಉಪ್ಪು ಇದೆಯೆಂದು ತಿಳಿದರೆ ಸಾಲದು, ಎಷ್ಟಿದೆಯೆಂದೂ ತಿಳಿಯಬೇಕು. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ 1856ರಲ್ಲಿ ತೋರಿಸಿಕೊಟ್ಟ ವಿಧಾನ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಈ ಸಲ ನೀರಿಗೆ ಆಮ್ಲ ಸೇರಿಸದೆ, ಹಳದಿ ಬಣ್ಣದ ಪೊಟ್ಯಾಸಿಯಂ ಕ್ರೋಮೇಟಿನ ಕೆಲವು ಹನಿ ಹಾಕಿ, ಅಳತೆಯ ನಳಿಗೆಯಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಕ್ಲೋರೈಡ್ ಇರುವಷ್ಟು ಹೊತ್ತು ಬೆಳ್ಳಿಯೆಲ್ಲ ಅದರೊಡನೆ ಬಿಳಿಯಾಗಿ ಇಳಿಯುತ್ತದೆ. ಕ್ಲೋರೈಡ್ ಮುಗಿದ ಮೇಲೆ ಬಿದ್ದ ಹನಿಯೊಂದು ಕ್ರೋಮೇಟಿನೊಡನೆ ಕೂಡಿ ಕೆಂಪಾಗುತ್ತದೆ. ಸರಿಯಾಗಿ ನಮ್ಮ ಮಂಗಳೂರು ಹೆಂಚಿನ ಬಣ್ಣ! ಅಲ್ಲಿಗೆ ನಿಲ್ಲಿಸಬೇಕು. ಲೀಟರಿಗೆ 4.79 ಗ್ರಾಂ ಸಿಲ್ವರ್ ನೈಟ್ರೇಟ್ ಇರುವ ದ್ರಾವಣದ ಒಂದು ಮಿಲಿಲೀಟರ್ ಸರಿಯಾಗಿ ಒಂದು ಮಿಲಿಗ್ರಾಂ ಕ್ಲೋರೈಡಿಗೆ ಸಮ. ಕುಡಿಯುವ ನೀರಿಗೆ ಭಾರತೀಯ ಮಾನಕ ಐ.ಎಸ್. 10500 ವಿಧಿಸಿರುವ ಒಪ್ಪತಕ್ಕ ಮಿತಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್. ಬೇರೆ ನೀರೇ ಇಲ್ಲದಿದ್ದಲ್ಲಿ 1000 ಮಿಲಿಗ್ರಾಂವರೆಗೆ ಸಹಿಸಬಹುದೆಂದಿದೆ. ಅಂದರೆ 50 ಮಿಲಿಲೀಟರ್ ನೀರಿಗೆ 12.5 ಮಿಲಿಲೀಟರಿಗಿಂತ ಹೆಚ್ಚು ದ್ರಾವಣ ಹಿಡಿದರೆ ಆ ನೀರು ಮೊದಲನೆಯ ಮಿತಿಯನ್ನು ದಾಟಿತೆಂದು ಅರ್ಥ. ಚಿಕ್ಕಮ್ಮನ ನೀರು ಅದನ್ನು ದಾಟಿತ್ತು.

ಇಷ್ಟು ಉಪ್ಪಾಗಲು ಕಡಲೇನೂ ಬಾವಿಗೆ ಉಕ್ಕಿ ಬರಬೇಕಾಗಿಲ್ಲ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್ ಇರುವುದರಿಂದ, 75 ಕೊಡಪಾನ ಸಿಹಿ ನೀರಿಗೆ ಒಂದೇ ಒಂದು ಕೊಡಪಾನ ಕಡಲ ನೀರು ಬೆರೆತರೂ ಸಾಕು, ಆ 250ರ ಗೆರೆ ಮುಟ್ಟುತ್ತದೆ.

ನೀರಿನ ಇತರ ರೋಗಗಳು

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ನೀರಿನ ರೋಗಗಳಲ್ಲಿ ಹಲವಕ್ಕೆ ಪ್ರಕ್ಷೇಪವೇ ಮದ್ದು. ಮೊದಲು ಗುಣವಾಗುವ ಮೂರನ್ನು ನೋಡೋಣ.

ಒಂದನೆಯದು ಕೆಸರು. ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಗೆ ಕದಡಿರುವಾಗ ಪಟಿಕದ ತುಂಡೊಂದನ್ನು ಪಾತ್ರೆಯಲ್ಲಿ ನಾಲ್ಕು ಸುತ್ತು ತಿರುಗಿಸುವುದನ್ನು ಕಂಡವರಿದ್ದಾರೆ. ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿಯೂ ನಡೆಯುವುದು ಅದೇ. ಪಟಿಕದಲ್ಲಿನ ಅಲ್ಯುಮಿನಿಯಂ ಸಲ್ಫೇಟ್ ನೀರಿನಲ್ಲಿರುವ ಬೈಕಾರ್ಬೊನೇಟಿನೊಡನೆ ವರ್ತಿಸಿ ಅಲ್ಯುಮಿನಿಯಂ ಹೈಡ್ರಾಕ್ಸೈಡೆಂಬ ಲೋಳೆಯಂತಹ ಪ್ರಕ್ಷೇಪವಾಗುತ್ತದೆ. ಅದು ಇಳಿಯುವಾಗ ಮಣ್ಣಿನ ಕಣಗಳನ್ನೂ ಹಿಡಿದುಕೊಂಡು ಇಳಿಯುತ್ತದೆ. ನಮ್ಮ ಮುರಕಲ್ಲಿನ ನಾಡಿನ ನೀರಿನಲ್ಲಿ ಬೈಕಾರ್ಬೊನೇಟ್ ಕಡಿಮೆ. ಆದುದರಿಂದ ಇಂತಹ ನೀರಿಗೆ ಪಟಿಕದ ಜೊತೆಗೆ ಚಿಟಿಕೆ ಸುಣ್ಣವನ್ನೂ ಸೇರಿಸಬೇಕಾಗುವುದುಂಟು.

ಎರಡನೆಯದು ಗಡಸುತನ. ಬಯಲುಸೀಮೆಯಿಂದ ಬಂದ ಗೆಳೆಯನೊಬ್ಬ ನಮ್ಮ ಮನೆಯಲ್ಲಿ ಸ್ನಾನ ಮಾಡಿ, "ನಿಮ್ಮೂರಲ್ಲಿ ಸಾಬೂನು ಎಷ್ಟು ನೊರೆ ಬಿಡ್ತದಪ್ಪಾ!" ಎಂದು ಬೆರಗಾಗಿದ್ದ. ಅವನೂರಿನ ಕೊಳವೆ ಬಾವಿಯ ನೀರಿನಲ್ಲಿ ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಹೆಚ್ಚು. ಸಾಬೂನು ಮೇದಾಮ್ಲಗಳ ಸೋಡಿಯಂ ಲವಣ. ಅಂತಹ ನೀರಿನಲ್ಲಿ ಅದು ದ್ವಿಸ್ಥಾನಪಲ್ಲಟಕ್ಕೆ ಒಳಗಾಗಿ ಕ್ಯಾಲ್ಸಿಯಂ ಲವಣವಾಗಿ, ಕರಗದೆ, ಬಕೀಟಿನ ಅಂಚಿಗೆ ಬೂದುಬಣ್ಣದ ಮಡ್ಡಿಯಾಗಿ ಅಂಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಪೂರ್ತಿ ಮುಗಿದ ಮೇಲಷ್ಟೆ ನೊರೆ. ಇದಕ್ಕೆ ವಾಷಿಂಗ್ ಸೋಡಾ ಹಾಕಿದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಇಳಿದುಬಿಡುತ್ತದೆ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿ ಇನ್ನೂ ಸೋಜಿಗದ ಉಪಾಯ ಕಂಡುಹಿಡಿದನು: ಬೈಕಾರ್ಬೊನೇಟಿನಿಂದ ಗಡಸಾದ ನೀರಿಗೆ ಲೆಕ್ಕ ಹಾಕಿ ಸುಣ್ಣವನ್ನೇ ಸೇರಿಸುವುದು. ಸೇರಿಸಿದ ಸುಣ್ಣವೂ ಮೊದಲೇ ಇದ್ದ ಸುಣ್ಣದಂಶವೂ ಎರಡೂ ಕಾರ್ಬೊನೇಟಾಗಿ ಕೆಳಗೆ ಇಳಿಯುತ್ತವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಇದೇ.

ಮೂರನೆಯದು ಕಬ್ಬಿಣ. ಇದು ನಮ್ಮ ಗುಡ್ಡದ ಸ್ವಂತ ಆಸ್ತಿ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯ ಕೆಂಪುಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ, ಲ್ಯಾಟರೈಟ್ ಎಂದು ಹೆಸರಿಟ್ಟನು. 1951ರಲ್ಲಿ ಬಜಪೆಯ ವಿಮಾನ ನಿಲ್ದಾಣ ಪ್ರಾರಂಭವಾದುದೂ ಇದೇ ಕಲ್ಲಿನ ಹಾಸಿನ ಮೇಲೆ. ಈ ಕಲ್ಲಿನಿಂದ ಒಸರುವ ನೀರಿನಲ್ಲಿ ಕೆಲವೆಡೆ ಕಬ್ಬಿಣ ಕರಗಿರುತ್ತದೆ. ಸೇದಿಟ್ಟಾಗ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಹಳದಿಯಾಗಿ, ಕೊಡಪಾನದ ತಳದಲ್ಲಿ ತುಕ್ಕಿನಂತಹ ಗಸಿ ಕೂತಿರುತ್ತದೆ. ಇದೂ ಪ್ರಕ್ಷೇಪವೇ, ಆದರೆ ದ್ವಿಸ್ಥಾನಪಲ್ಲಟವಲ್ಲ. ಗಾಳಿಯ ಆಮ್ಲಜನಕವು ಕರಗುವ ಕಬ್ಬಿಣವನ್ನು ಕರಗದ ಕಬ್ಬಿಣವನ್ನಾಗಿ ಮಾಡುವ ಉತ್ಕರ್ಷಣ ಕ್ರಿಯೆ. ಪ್ರಕ್ಷೇಪ ಕಂಡಲ್ಲೆಲ್ಲ ದ್ವಿಸ್ಥಾನಪಲ್ಲಟವೆಂದು ಬರೆದು ಅಂಕ ಕಳೆದುಕೊಳ್ಳಬಾರದೆಂದು ತಂಗಿಗೆ ಹೇಳಿದ್ದೇನೆ. ಇದಕ್ಕೆ ಮದ್ದೂ ಸುಲಭ: ನೀರನ್ನು ಗಾಳಿಗೆ ಒಡ್ಡಿ, ತಂಗಲು ಬಿಟ್ಟು, ಸೋಸುವುದು.

ಉಪ್ಪಿಗೆ ಮದ್ದುಂಟೇ?

ಕೆಸರಿಗೆ ಪಟಿಕ, ಗಡಸಿಗೆ ಸೋಡಾ, ಕಬ್ಬಿಣಕ್ಕೆ ಗಾಳಿ. ಹಾಗಾದರೆ ಉಪ್ಪಿಗೆ?

ಉಪ್ಪಿನಲ್ಲಿರುವುದು ಸೋಡಿಯಂ ಮತ್ತು ಕ್ಲೋರೈಡ್. ಸೋಡಿಯಮ್ಮಿನ ಲವಣಗಳು, ತೀರ ಅಪರೂಪದ ಕೆಲವನ್ನು ಬಿಟ್ಟರೆ, ಎಲ್ಲವೂ ಕರಗುತ್ತವೆ. ಜಾತ್ರೆಯಲ್ಲಿ ಯಾರ ಜೊತೆಗೂ ಕುಳಿತುಕೊಳ್ಳದ ಅಲೆಮಾರಿ ಅದು. ಕ್ಲೋರೈಡಿಗೆ ಸಾಮಾನ್ಯವಾಗಿ ಮೂವರು ಗೆಳೆಯರು: ಬೆಳ್ಳಿ, ಸೀಸ, ಪಾದರಸದ ಒಂದು ಬಗೆ. ಸೀಸವೂ ಪಾದರಸವೂ ಉಪ್ಪಿಗಿಂತ ನೂರು ಪಾಲು ಕೆಟ್ಟ ವಿಷಗಳು. ಉಳಿದದ್ದು ಬೆಳ್ಳಿ.

ಅದರ ಲೆಕ್ಕವನ್ನೂ ಹಾಕಿ ನೋಡಿದೆವು. 35.5 ಗ್ರಾಂ ಕ್ಲೋರೈಡನ್ನು ಇಳಿಸಲು 108 ಗ್ರಾಂ ಬೆಳ್ಳಿ ಬೇಕು. ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡಿರುವ ನೀರಿಗೆ ಲೀಟರೊಂದಕ್ಕೆ 760 ಮಿಲಿಗ್ರಾಂ. ಹತ್ತು ಲೀಟರು ಹಿಡಿಯುವ ಒಂದು ಕೊಡಪಾನಕ್ಕೆ ಏಳೂವರೆ ಗ್ರಾಂ ಮಿಕ್ಕಿ ಬೆಳ್ಳಿ. ದಿನಕ್ಕೆರಡು ಕೊಡಪಾನದಂತೆ ಹಿಡಿದರೆ ಚಿಕ್ಕಮ್ಮನ ಕಾಲ್ಗೆಜ್ಜೆ ವಾರದೊಳಗೆ ಬಾವಿಯ ಪಾಲು. ಹೋಗಲಿ, ಇಷ್ಟು ಬೆಳ್ಳಿ ಸುರಿದರೂ ನೀರು ಕುಡಿಯಲು ಯೋಗ್ಯವಾಗುತ್ತದೆಯೇ? ಇಲ್ಲ. ಮೇಲೆ ಹೇಳಿದ ಮಾತನ್ನು ನೆನೆಸಿಕೊಳ್ಳಿ: ಇಳಿಯುವವರು ಇಬ್ಬರು, ಪ್ರೇಕ್ಷಕರು ಇನ್ನಿಬ್ಬರು. ಬೆಳ್ಳಿಯೂ ಕ್ಲೋರೈಡೂ ಇಳಿದ ಮೇಲೆ ಬಾವಿಯ ಸೋಡಿಯಂ ಅಲ್ಲೇ ಉಳಿಯುತ್ತದೆ. ಬೆಳ್ಳಿಯ ಜೊತೆ ಬಂದ ನೈಟ್ರೇಟೂ ಲೀಟರಿಗೆ ಸುಮಾರು 437 ಮಿಲಿಗ್ರಾಂನಷ್ಟು ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಮಿತಿ 45 ಮಿಲಿಗ್ರಾಂ; ಅದು ಮೀರಿದರೆ ಹಸುಗೂಸುಗಳಿಗೆ ಅಪಾಯ. ಒಂದು ರೋಗವನ್ನು ಕಳೆದು ಇನ್ನೊಂದನ್ನು ಕೊಂಡಂತಾಯಿತು.

ಉಪ್ಪನ್ನು ನೀರಿನಿಂದ ಇಳಿಸಬೇಕಾದರೆ ನೀರನ್ನೇ ಓಡಿಸಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಮಾಡುವುದು ಅದನ್ನೇ. ಬಿಸಿಲಿಗೆ ಕಡಲ ನೀರು ಆರುತ್ತಾ ಐದರಲ್ಲೊಂದು ಪಾಲಿಗೆ ಬರುವಾಗ ಜಿಪ್ಸಂ ಇಳಿಯತೊಡಗುತ್ತದೆ. ಹತ್ತರಲ್ಲೊಂದು ಪಾಲಿಗೆ ಬಂದ ಮೇಲೆ ಉಪ್ಪು. ಉಪ್ಪು ಬೇಕಾದವನಿಗೆ ಇದು ಸರಿ. ನೀರು ಬೇಕಾದವನಿಗೆ ಪ್ರಯೋಜನವಿಲ್ಲ. ಕುದಿಸಿದರೆ ಉಪ್ಪು ಹೋಗುವುದೆಂದು ನಂಬಿದವರಿದ್ದಾರೆ. ನೀರು ಆವಿಯಾದಷ್ಟೂ ಉಳಿದ ನೀರು ಹೆಚ್ಚು ಉಪ್ಪಾಗುತ್ತದೆಯಷ್ಟೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಆರ್.ಓ. ಯಂತ್ರಗಳು ಸೂಕ್ಷ್ಮ ಪೊರೆಯೊಂದರ ಮೂಲಕ ನೀರನ್ನು ಒತ್ತಿ ಹಾಯಿಸಿ ಉಪ್ಪನ್ನು ಹಿಂದೆ ಉಳಿಸುತ್ತವೆ. ಅದು ಪ್ರಕ್ಷೇಪವಲ್ಲ, ಅದಕ್ಕೆ ವಿದ್ಯುತ್ತು ಬೇಕು, ಪೊರೆಯ ಖರ್ಚು ಬೇಕು, ಬಂದ ನೀರಿನಲ್ಲಿ ಒಂದು ದೊಡ್ಡ ಪಾಲನ್ನು ಅದು ಇನ್ನೂ ಉಪ್ಪು ಮಾಡಿ ಹೊರಗೆ ಬಿಡುತ್ತದೆ.

ಆದುದರಿಂದ ನಮ್ಮ ಪಾಠದ ತಾತ್ಪರ್ಯ ಇಷ್ಟು. ಜೊತೆಗೂಡಿ ಇಳಿಯುವ ಗೆಳೆಯನಿರುವ ಕಲ್ಮಷವನ್ನು ಆಮೇಲೆಯೂ ತೆಗೆಯಬಹುದು. ಉಪ್ಪಿಗೆ ಬಡವನ ಕೈಗೆಟಕುವ ಅಂತಹ ಗೆಳೆಯನಿಲ್ಲ. ಸಿಹಿ ನೀರನ್ನು ಉಪ್ಪಾಗಲು ಬಿಟ್ಟು ಆಮೇಲೆ ಸರಿಪಡಿಸುತ್ತೇವೆಂಬುದು ರಸಾಯನ ಶಾಸ್ತ್ರ ಒಪ್ಪದ ಮಾತು. ಅದನ್ನು ಮೊದಲೇ ಕಾಯಬೇಕು.

ಕಾಯುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಂದು ಹೊಳೆಯ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಫಲ್ಗುಣಿಯ ಹರಿವು ಸೊರಗಿದಾಗ ಭರತದೊಂದಿಗೆ ಕಡಲ ನೀರು ಹೊಳೆಯೊಳಗೆ ಏರಿ ಬರುತ್ತದೆ. ಮರವೂರಿನಲ್ಲಿ ಇರುವಂತಹ ಕಿಂಡಿ ಅಣೆಕಟ್ಟುಗಳು ಮೇಲಿನ ಸಿಹಿ ನೀರನ್ನು ತಡೆದು ನಿಲ್ಲಿಸುವುದರ ಜೊತೆಗೆ ಕೆಳಗಿನ ಉಪ್ಪುನೀರು ಮೇಲೇರದಂತೆಯೂ ಕಾಯುತ್ತವೆ. ಹಲಗೆಗಳನ್ನು ಸಕಾಲದಲ್ಲಿ ಹಾಕಿದರೆ ಮಾತ್ರ. ನೆಲದೊಳಗೂ ಅದೇ ಹೋರಾಟ. ಸಿಹಿ ನೀರು ಹಗುರ, ಉಪ್ಪುನೀರು ತುಸು ಭಾರ. ಕರಾವಳಿಯ ನೆಲದಲ್ಲಿ ಸಿಹಿ ನೀರು ಕಡಲಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರ ಭಾರ ಕೆಳಗಿನ ಉಪ್ಪುನೀರನ್ನು ಸುಮಾರು 40 ಮೀಟರ್ ಆಳಕ್ಕೆ ಒತ್ತಿ ಹಿಡಿಯಬಲ್ಲದೆಂದು ಲೆಕ್ಕ. ಪಂಪು ಹಾಕಿ ಆ ಒಂದು ಮೀಟರನ್ನು ಖಾಲಿ ಮಾಡಿದವನು 40 ಮೀಟರಿನ ಬೇಲಿಯನ್ನು ಕಿತ್ತಂತೆ. ಮಳೆಗಾಲದಲ್ಲಿ ಮಾಡಿನ ನೀರನ್ನು ಬಾವಿಗೆ ಇಂಗಿಸಿದವನು ಅದೇ ಬೇಲಿಯನ್ನು ಕಟ್ಟಿದಂತೆ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದಾಗ ಅವರು, "ಅಂದರೆ ಮದ್ದಿಲ್ಲ, ಪಥ್ಯ ಮಾತ್ರ ಉಂಟು ಅಂತಾಯಿತು" ಎಂದರು. ನಾನು ಇಷ್ಟು ಪುಟಗಳಲ್ಲಿ ಹೇಳಿದುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಆ ಎರಡು ತಿಂಗಳು ಕುಡಿಯುವ ನೀರನ್ನು ನಮ್ಮ ಗುಡ್ಡದ ಬಾವಿಯಿಂದ ಕೊಂಡುಹೋದರು. ತೋಟಕ್ಕೆ ಹಗಲಿಡೀ ಬಿಡುತ್ತಿದ್ದ ಪಂಪನ್ನು ಮಿತಗೊಳಿಸಿದರು. ಮಳೆ ಹಿಡಿಯುವ ಮೊದಲು ಮಾಡಿನ ಅಂಚಿಗೆ ದಂಬೆ ಕಟ್ಟಿಸಿ ನೀರನ್ನು ಸೋಸಿ ಬಾವಿಗೆ ಬಿಟ್ಟರು.

ಜುಲೈ ತಿಂಗಳಲ್ಲಿ ತಂಗಿಯೂ ನಾನೂ ಆ ಬಾವಿಯ ನೀರನ್ನು ಮತ್ತೆ ಪರೀಕ್ಷಿಸಿದೆವು. ಈ ಸಲ ಬಾಟಲಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಬಾರಿ ಜಾಲಾಡಿಸಿ, ಆಮ್ಲದ ಹನಿ ಬಿಟ್ಟು, ಆಮೇಲೆ ಬೆಳ್ಳಿಯ ದ್ರಾವಣವನ್ನು ಹಾಕಿದೆವು. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ತೆಳುವಾದ ಮಬ್ಬು. ತಂಗಿ ತನ್ನ ಪ್ರಯೋಗ ಪುಸ್ತಕದಲ್ಲಿ 'ಬಿಳಿಯ ಪ್ರಕ್ಷೇಪ ದೊರೆಯಿತು' ಎಂದು ಬರೆಯಹೋದವಳು ನಿಲ್ಲಿಸಿ, ಅದನ್ನು ಹೊಡೆದುಹಾಕಿ, 'ಅತಿ ತೆಳುವಾದ ಮಬ್ಬು ಕಂಡಿತು, ಆಮ್ಲದಲ್ಲಿ ಕರಗಲಿಲ್ಲ, ಏಪ್ರಿಲ್ ತಿಂಗಳಿಗಿಂತ ಬಹಳ ಕಡಿಮೆ' ಎಂದು ಬರೆದಳು. ಮುಂದಿನ ಏಪ್ರಿಲ್ ತಿಂಗಳಿಗೆಂದು ಆ ಪುಟದ ಕೆಳಗೆ ಅರ್ಧದಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾಳೆ.